ರಾಮದುರ್ಗಕ್ಕೆ ಹೋಗಿಬಂದ ತತ್ತಿಗಳು

ಶಟ್ಟೆವ್ವನ ಕೈಗುಣದ ಬಗ್ಗೆ ದೊಡವಾಡದ ಆ ಓಣಿಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅವಳು ಕಾವಿಗೆ ಇಟ್ಟ ತತ್ತಿ ಕೆಟ್ಟಿತೆಂದರೆ ತಪ್ಪು ತತ್ತಿಯದೇ ಹೊರತು ಅವಳ ಕೈಯದಲ್ಲ. ಯಾರ ಮನೆಯ ಹೇಂಟೆ ಕಾವಿಗೆ ಬಿದ್ದರೂ ಆ ಮನೆಯ ಹೆಂಗಸು ತತ್ತಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಇವಳ ಬಾಗಿಲಿಗೆ ಬರಬೇಕು. ಶಟ್ಟೆವ್ವ ದೊಡ್ಡ ಡಾಕ್ಟರರ ಹಾಗೆ ಒಂದಿಷ್ಟು ಹೊತ್ತು ಕಾಯಿಸುವಳು. ಆಮೇಲೆ ಕೈ ತೊಳೆದು, ಮೂಡಣಕ್ಕೆ ಮುಖ ಮಾಡಿ ಕೂತು, ಬುಟ್ಟಿಯ ತಳಕ್ಕೆ ಬೂದಿ ಹರವಿ, ಅದರ ಮೇಲೆ ಹುಲ್ಲು ಹಾಸಿ, ಗುಡುಗಿನ ಸದ್ದಿಗೆ ತತ್ತಿ ಕೆಡಬಾರದೆಂದು ಒಂದು ಕಬ್ಬಿಣದ ಮೊಳೆಯನ್ನೂ ಇದ್ದಿಲ ಚೂರನ್ನೂ ಹುದುಗಿಸಿ, ತತ್ತಿಗಳನ್ನು ಒಂದೊಂದಾಗಿ ಇಡುವಳು. ಮರಿ ಹೊರಬಿದ್ದ ದಿನ ಆ ಮನೆಯಿಂದ ಬೆಲ್ಲ ಬರುವುದು. ಬೆಲ್ಲದ ಜೊತೆಗೆ “ನಿನ್ನ ಕೈ ಬಂಗಾರದ್ದವ್ವಾ” ಎಂಬ ಮಾತೂ ಬರುವುದು. ಶಟ್ಟೆವ್ವ ಅದನ್ನು ಕೇಳಿಸಿಕೊಳ್ಳದವಳ ಹಾಗೆ ಸೆರಗು ಸರಿಮಾಡಿಕೊಳ್ಳುವಳು. ಬೆಲ್ಲ ಮನೆಮಂದಿಗೆ, ಮಾತು ಮಾತ್ರ ಅವಳೊಬ್ಬಳಿಗೆ.

ಸೊಸೆ ಭಾಗೀರಥಿಯ ಕೈಗೆ ಅಂಥ ಹೆಸರಿರಲಿಲ್ಲ. ಕಿತ್ತೂರು ಕಡೆಯ ದೇಗಾಂವದಿಂದ ಮದುವೆಯಾಗಿ ಬಂದು ಐದು ವರ್ಷವಾಗಿತ್ತು. ಎರಡು ವರ್ಷದ ಹಿಂದೆ, ಏಳು ತಿಂಗಳು ತುಂಬಿದ ಕೂಸು ಅವಳ ಹೊಟ್ಟೆಯಲ್ಲೇ ತೀರಿಹೋಯಿತು. ಆಗ ಅತ್ತೆ ಒಂದೂ ಕೆಟ್ಟ ಮಾತಾಡಿರಲಿಲ್ಲ. ಬಿಸಿನೀರು ಹಾಕಿ, ಬೆನ್ನು ತಿಕ್ಕಿ, ಗಂಜಿ ಕುಡಿಸಿದ್ದಳು. ಕೆಟ್ಟ ಮಾತು ಬಂದದ್ದು ಕೋಳಿಗಳು ಸತ್ತಾಗ.

ಹೋದ ಮಳೆಗಾಲದಲ್ಲಿ ಊರಿಗೆ ಕೋಳಿಬೇನೆ ಬಂತು. ಶಟ್ಟೆವ್ವನದು ಹೆಸರಾದ ತಳಿ. ಕಪ್ಪು ಕಾಲು, ಮೈತುಂಬ ಎಳ್ಳು ಚೆಲ್ಲಿದಂಥ ಚುಕ್ಕೆ, ಹದ್ದು ಕಂಡರೆ ಓಡದೆ ಎದುರಿಗೆ ನಿಲ್ಲುವ ಸ್ವಭಾವ. ಮುನವಳ್ಳಿಯ ತವರಿನಿಂದ ಮದುವಣಗಿತ್ತಿಯಾಗಿ ಬರುವಾಗ ಒಂದು ಬುಟ್ಟಿಯಲ್ಲಿ ಅವಳ ಜೊತೆಗೇ ಬಂದ ಜವಾರಿ ಕೋಳಿಯ ಸಂತಾನ ಅದು. ವಾರದೊಳಗೆ ಅಂಗಳ ಬರಿದಾಯಿತು. ಉಳಿದದ್ದು ಒಂದು ಹೇಂಟೆ, ಒಂದು ಮುದಿ ಹುಂಜ. ಸತ್ತ ಕೋಳಿಗಳನ್ನು ಹೂಳಿ ಬಂದ ಶಟ್ಟೆವ್ವ ಓಣಿಯ ಹೆಂಗಸರ ಎದುರಿಗೇ ಸೊಸೆಯ ಮೇಲೆ ಹರಿಹಾಯ್ದಳು.

“ಗೂಡ ಮುಚ್ಚಾಕಿ ನೀನ, ತೆಗ್ಯಾಕಿ ನೀನ. ನಿನ್ನ ಕೈಯಾಗ ಯಾವುದೂ ನಿಲ್ಲಂಗಿಲ್ಲ ನೋಡು!”

ಬೇನೆ ಗಾಳಿಯಲ್ಲಿ ಬಂದದ್ದೆಂದು ಎಲ್ಲರಿಗೂ ಗೊತ್ತಿತ್ತು, ಶಟ್ಟೆವ್ವನಿಗೂ. ಆದರೆ ಮಾತು ಬಾಯಿಂದ ಹೊರಬಿದ್ದಾಗಿತ್ತು. ‘ಯಾವುದೂ’ ಎಂಬುದರಲ್ಲಿ ಏನೇನು ಸೇರಿದೆಯೆಂದು ಹೆಂಗಸರೆಲ್ಲ ತಿಳಿದು ನೆಲ ನೋಡಿದರು. ಭಾಗೀರಥಿ ಮೊರದಲ್ಲಿದ್ದ ಜೋಳವನ್ನು ಹಸನು ಮಾಡುತ್ತಲೇ ಕೂತಳು. ಅಂದಿನಿಂದ ಅವಳಿಗೆ ತನ್ನ ಕೈಗಳೇ ಪರಕೀಯವಾದವು. ರೊಟ್ಟಿ ಬಡಿಯುವಾಗ, ಮುಸುರೆ ತೊಳೆಯುವಾಗ ಅವನ್ನು ನೋಡಿಕೊಂಡು, ಅತ್ತೆ ಅಂದದ್ದು ನಿಜವೇ ಏನೋ ಎಂದು ಅನುಮಾನಿಸುವಳು. ಆ ಅನುಮಾನ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಚಳಿಗಾಲಕ್ಕೆ ರಾಮದುರ್ಗದಿಂದ ಮಗಳು ಲಗಮವ್ವನ ಫೋನು ಬಂತು. ಎರಡನೆಯ ಬಾಣಂತನ. ಮೊದಲನೆಯದು ತವರಿನಲ್ಲಾಗಿತ್ತು. ಈ ಸಲ ಗಂಡನ ಮನೆಯಲ್ಲಿ, ಅಲ್ಲಿ ನೋಡಿಕೊಳ್ಳುವವರಿಲ್ಲ. ಶಟ್ಟೆವ್ವ ಅಳವಿಕಾಳು, ಒಣಕೊಬ್ಬರಿ, ಹಳೆಯ ಸೀರೆಯ ತುಂಡುಗಳನ್ನು ಗಂಟುಕಟ್ಟಿ ಹೊರಟಳು. ಬಸ್ಸು ಹತ್ತುವಾಗ ಸೊಸೆಗೆ ಹೇಳಿದ್ದು ಒಂದೇ ಮಾತು.

“ಹ್ಯಾಟಿ ತತ್ತಿ ಇಡಾಕತ್ತೇತಿ. ತಗದು ಜ್ವಾಳದಾಗ ಇಡು. ಕಾವಿಗೆ ಕುಂತ್ರ ಫೋನ್ ಮಾಡು. ನೀ ಏನೂ ಮಾಡಾಕ ಹೋಗಬ್ಯಾಡ.”

ಅತ್ತೆ ಹೋದ ವಾರಕ್ಕೆ ಹೇಂಟೆ ಕಾವಿಗೆ ಬಿತ್ತು. ಕಣ್ಣು ಅರೆಮುಚ್ಚಿ, ಮೈ ಉಬ್ಬಿಸಿ, ಬರಿದಾದ ಬುಟ್ಟಿಯ ಮೇಲೆ ಕೂತುಬಿಟ್ಟಿತು. ಎಬ್ಬಿಸಿದರೆ ಗುರ್ ಎಂದು ಮತ್ತೆ ಅಲ್ಲೇ. ಹನ್ನೊಂದು ತತ್ತಿಗಳು ಜೋಳದ ಡಬ್ಬಿಯಲ್ಲಿ ಕಾದಿದ್ದವು. ಮುದಿ ಹುಂಜ ಬಿಸಿಲು ಕಾಯುತ್ತ ಒಂದೇ ಕಾಲಿನ ಮೇಲೆ ನಿಂತಿರುತ್ತಿತ್ತು. ಅದರ ದಿನಗಳು ಮುಗಿಯುತ್ತ ಬಂದದ್ದು ಕಾಣುತ್ತಿತ್ತು. ಈ ತತ್ತಿಗಳು ಮರಿಯಾಗದಿದ್ದರೆ ಮುನವಳ್ಳಿಯ ತಳಿ ಅಲ್ಲಿಗೆ ಮುಗಿಯಿತು.

ಭಾಗೀರಥಿಯ ಗಂಡ ಸಿದ್ದರಾಮ ಸಣ್ಣ ಟೆಂಪೋ ಓಡಿಸುವವನು. ಬೈಲಹೊಂಗಲ ಮಾರ್ಕೆಟ್ಟಿಗೆ ಕಾಯಿಪಲ್ಯ ಸಾಗಿಸುತ್ತಿದ್ದ. ರೊಟ್ಟಿ ಮುರಿಯುತ್ತ ಅವನು ಅಂದ:

“ಇದಕ್ಕ ಇಷ್ಟ ತಲಿ ಕೆಡಿಸ್ಕೋತೀರಿ? ಫಾರಂ ಮರಿ ಮಾರಾಂವ ಓಣಿ ಓಣಿ ತಿರಗತಾನ. ಒಂದ ಬುಟ್ಟಿ ತಗೊಂಡ್ರ ಮುಗೀತು.”

“ಫಾರಂ ಹ್ಯಾಟಿ ಕಾವಿಗೆ ಕುಂಡ್ರತೈತೇನಲೇ?” ಎಂದ ಅಪ್ಪ ರಾಯಪ್ಪ. “ತತ್ತಿ ಇಟ್ಟು ಮರತು ಹೋಗತೈತಿ. ತಾಯಿತನ ಗೊತ್ತಿಲ್ಲದ ಜಾತಿ ಅದು. ಫೋನ್ ಹಚ್ಚು ನಿಮ್ಮವ್ವಗ.”

ಫೋನಿನಲ್ಲಿ ಶಟ್ಟೆವ್ವ ಬಹಳ ಹೊತ್ತು ವಿಚಾರ ಮಾಡಿದಳು. ಬರಲು ಅವಳಿಗೆ ಸಾಧ್ಯವಿಲ್ಲ. ಮಗಳಿಗೆ ಇಂದೋ ನಾಳೆಯೋ ಎನ್ನುವಂತಿತ್ತು. ಕೊನೆಗೆ ಅವಳ ಬಾಯಿಂದ ಬಂದ ಅಪ್ಪಣೆ ಕೇಳಿ ಸಿದ್ದರಾಮ ತಾಟನ್ನು ಪಕ್ಕಕ್ಕಿಟ್ಟ.

“ಒಂದ ಕೆಲಸ ಮಾಡ್ರಿ. ತತ್ತಿ ತಗೊಂಡು ನೀವ ಇಲ್ಲಿಗೆ ಬರ್ರಿ. ನಾ ಮುಟ್ಟಿ ಕೊಡತೇನಿ. ಒಯ್ದು ಹಂಗ ಹ್ಯಾಟಿ ಕೆಳಗ ಇಡ್ರಿ.”

“ಯವ್ವಾ, ರಾಮದುರ್ಗಕ್ಕ? ತತ್ತಿ ಬಸ್ಸಿನ್ಯಾಗ?” ಎಂದ ಸಿದ್ದರಾಮ.

“ನಿಮ್ಮಪ್ಪ ತೊಡಿ ಮ್ಯಾಲೆ ಇಟ್ಕೊಂಡು ಬರಲಿ. ಕೂಸ ಒಯ್ಯಂಗಿಲ್ಲೇನ ಬಸ್ಸಿನ್ಯಾಗ?”

ರಾಯಪ್ಪ ಹೆಂಡತಿಯ ಮಾತಿಗೆ ಎಂದೂ ಎದುರಾಡಿದವನಲ್ಲ. ನಾಳೆ ಮೊದಲನೇ ಬಸ್ಸಿಗೆ ಹೊರಡುವುದೆಂದು ಧೋತರ ತೆಗೆದಿಟ್ಟ. ಆದರೆ ಭಾಗೀರಥಿಗೆ ಗೊತ್ತಿತ್ತು. ಕೋಳಿ ಸಾಕುವ ಯಾವ ಹೆಂಗಸಿಗೂ ಗೊತ್ತು, ಕುಲುಕಿದ ತತ್ತಿ ಮರಿಯಾಗುವುದಿಲ್ಲ. ಬೈಲಹೊಂಗಲದ ತನಕ ಕುಲುಕು, ಸವದತ್ತಿಯ ತನಕ ಕುಲುಕು, ಅಲ್ಲಿಂದ ರಾಮದುರ್ಗಕ್ಕೆ, ಮತ್ತೆ ಅದೇ ದಾರಿಯಲ್ಲಿ ವಾಪಸು. ಕೈಗುಣ ದೊಡ್ಡದಿರಬಹುದು, ಆ ರಸ್ತೆಯ ತಗ್ಗುಗಳು ಅದಕ್ಕಿಂತ ದೊಡ್ಡವು.

ಅಂದು ಸಂಜೆ ಅವಳು ಅಗಸಿ ಬಾಗಿಲ ಹತ್ತಿರದ ಅಂಗಡಿಗೆ ಹೋಗಿ, ಗಂಡನಿಗೆ ಕೆಮ್ಮು, ಜವಾರಿ ತತ್ತಿ ಬೇಕೆಂದು ಹೇಳಿ ಹನ್ನೊಂದು ತತ್ತಿ ತಂದಳು. ಹನ್ನೊಂದು ತತ್ತಿ ಬೇಕಾಗುವಷ್ಟು ಕೆಮ್ಮಿದರೆ ಸಿದ್ದರಾಮ ಬದುಕಿ ಉಳಿಯುತ್ತಿರಲಿಲ್ಲ; ಅಂಗಡಿಯವನು ಮಾತ್ರ ಏನೂ ಕೇಳಲಿಲ್ಲ.

ಬೆಳಗಿನ ಜಾವ ಮಂಜು ಅಂಗಳಕ್ಕೆ ಇಳಿದಿತ್ತು. ಕಡಲೆ ಹೊಲಗಳ ಹುಳಿ ವಾಸನೆ ಗಾಳಿಯಲ್ಲಿತ್ತು. ಮಾವ ಬಚ್ಚಲಲ್ಲಿ ಮೀಯುತ್ತಿರುವಾಗ ಭಾಗೀರಥಿ ಅಂಗಡಿಯ ತತ್ತಿಗಳನ್ನು ಜೋಳದ ಕಾಳಿನೊಳಗೆ ಹೂತು ಪ್ರಯಾಣದ ಬುಟ್ಟಿ ಕಟ್ಟಿದಳು. ಮನೆಯ ತತ್ತಿಗಳನ್ನು ಸೆರಗಿನಲ್ಲಿ ತುಂಬಿಕೊಂಡು ಹೇಂಟೆ ಕೂತಿದ್ದ ಕೋಣೆಗೆ ಹೋದಳು. ಬೂದಿ, ಹುಲ್ಲು, ಮೊಳೆ, ಇದ್ದಿಲು. ಮೂಡಣ ಯಾವ ಕಡೆಯೆಂದು ಗಾಬರಿಯಲ್ಲಿ ಒಂದು ಕ್ಷಣ ತಿಳಿಯಲಿಲ್ಲ. ‘ಇವೂ ನಿಲ್ಲದೆ ಹೋದರೆ ಅತ್ತೆ ಅಂದದ್ದೇ ಖರೆ. ಆಮೇಲೆ ನಾ ಯಾವ ಕೂಸಿಗೂ ಆಸೆ ಪಡುವುದಿಲ್ಲ’ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ಮೇಲೆ ಭಯವಾಯಿತು. ಆದರೂ ಒಂದೊಂದಾಗಿ ಇಟ್ಟಳು. ಹೇಂಟೆ ಅವಳ ಬೆರಳುಗಳನ್ನು ಕುಕ್ಕದೆ, ತತ್ತಿಗಳನ್ನು ಕೊಕ್ಕಿನಿಂದ ಎದೆಯ ಕೆಳಗೆ ಎಳೆದುಕೊಂಡಿತು.

ರಾಯಪ್ಪ ಬುಟ್ಟಿಯನ್ನು ಎದೆಗೆ ಅವಚಿಕೊಂಡು ಹೊರಟ. ದೀಪ ಹಚ್ಚುವ ಹೊತ್ತಿಗೆ ವಾಪಸು ಬಂದವನ ಮುಖದಲ್ಲಿ ಸಂತೋಷ ಮತ್ತು ಕಳವಳ ಎರಡೂ ಒಟ್ಟಿಗೆ ಇದ್ದವು.

“ಹೆಣ್ಣ ಕೂಸು! ನಸಿಕಿನ್ಯಾಗ ಹುಟ್ಟೇತಿ. ಥೇಟ್ ಲಗಮಿ ಮಾರಿ, ಲಗಮಿ ಕಣ್ಣು.”

“ತತ್ತಿ, ಮಾವಾರ?”

ಅವನು ಸುತ್ತ ನೋಡಿ ದನಿ ತಗ್ಗಿಸಿದ. “ನಿಮ್ಮತ್ತಿ ಒಳಗ ಒಯ್ದು ಮುಟ್ಟಿ ಕೊಟ್ಟಾಳ. ಆದ್ರ ತಿರಗಿ ಬರೂ ಮುಂದ ಒಬ್ಬಾಂವ ಗಡವ ನನ್ನ ಮ್ಯಾಲೆ ಬಿದ್ದ. ಮೂರ ಒಡದು ಹೋದ್ವು. ಕಾವಿನ ತತ್ತಿ ಎಣಿಕಿ ಬೆಸ ಇರಬೇಕಲ್ಲ, ಸವದತ್ತಿ ಸ್ಟ್ಯಾಂಡಿನ್ಯಾಗ ಮೂರ ತಗೊಂಡು ಸೇರಿಸೀನಿ. ನಿಮ್ಮತ್ತಿ ಮುಂದ ಹೇಳಬ್ಯಾಡವ್ವಾ, ನಿನ್ನ ಕಾಲ ಬೀಳತೇನಿ.”

ಭಾಗೀರಥಿ ಬುಟ್ಟಿ ಬಿಚ್ಚಿದಳು. ಜೋಳದ ನಡುವೆ ದಪ್ಪನೆಯ, ಬೆಳ್ಳಗಿನ, ಫಾರಂನ ಮೂರು ತತ್ತಿಗಳು ಮದುವೆಮನೆಗೆ ಕರೆಯದೆ ಬಂದ ನೆಂಟರಂತೆ ಕೂತಿದ್ದವು. ಅವಳಿಗೆ ಉಕ್ಕಿ ಬಂದ ನಗೆಯನ್ನು ತಡೆಯಲು ಕೆಮ್ಮಬೇಕಾಯಿತು.

“ನಾ ಇಡತೇನಿ ಬಿಡ್ರಿ. ನೀವು ಕೈಕಾಲ ತೊಳ್ಕೋರಿ.”

ಅಂದು ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಖಾರ ಮುಂದಾಗಿ, ತತ್ತಿಯ ಪಲ್ಯ ಮಾಡಿದಳು. ಅಪ್ಪ ಮಗ ಇಬ್ಬರೂ ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡರು. “ಏನ ರುಚಿ ಆಗೇತಿ!” ಎಂದು ರಾಯಪ್ಪ ಬೆರಳು ನೆಕ್ಕಿದ. ದಿನವಿಡೀ ತಾನೇ ತೊಡೆಯ ಮೇಲೆ ಹೊತ್ತು ತಿರುಗಿದ್ದನ್ನು ಉಣ್ಣುತ್ತಿದ್ದೇನೆಂದು ಆ ಸಾಧು ಮನುಷ್ಯನಿಗೆ ಹೇಗೆ ತಿಳಿಯಬೇಕು?

ಆಮೇಲಿನ ಮೂರು ವಾರ ಭಾಗೀರಥಿ ಅರ್ಧ ಈ ಲೋಕದಲ್ಲಿ, ಅರ್ಧ ಬುಟ್ಟಿಯೊಳಗೆ ಇದ್ದಳು. ಕಸ ಹೊಡೆದಳು, ನೀರು ತಂದಳು, ಹತ್ತಿ ಬಿಡಿಸಲು ಹೊಲಕ್ಕೆ ಹೋದಳು. ಎಲ್ಲವೂ ನೀರಿನೊಳಗೆ ನಡೆದಂತೆ ಸಾವಕಾಶವಾಗಿ, ಸದ್ದಿಲ್ಲದೆ ನಡೆಯಿತು. ಹೇಂಟೆ ದಿನಕ್ಕೊಮ್ಮೆ ಮಾತ್ರ ಇಳಿದು, ನಾಲ್ಕು ಕಾಳು ತಿಂದು, ಬೂದಿಯಲ್ಲಿ ಹೊರಳಾಡಿ ಮತ್ತೆ ಏರುತ್ತಿತ್ತು. ಆ ಸಮಯದಲ್ಲಿ ಭಾಗೀರಥಿ ತತ್ತಿಗಳ ಮೇಲೆ ಅಂಗೈ ಹಿಡಿಯುವಳು, ಮುಟ್ಟದೆ. ಬಿಸುಪು ಮೇಲೆದ್ದು ಕೈಗೆ ಬರುತ್ತಿತ್ತು. ಒಂದು ರಾತ್ರಿ ಅವಳಿಗೆ ಕನಸು ಬಿತ್ತು. ಹೇಂಟೆ ಮನೆಯಷ್ಟು ದೊಡ್ಡದಾಗಿದೆ, ಮಲಪ್ರಭೆಯ ಹಿನ್ನೀರಿನ ದಂಡೆಯಲ್ಲಿ ಕೂತಿದೆ. ಅದರ ರೆಕ್ಕೆಯ ಕೆಳಗೆ ಮನೆಮಂದಿಯೆಲ್ಲ ಮಲಗಿದ್ದಾರೆ. ಮಾವ, ಗಂಡ, ರಾಮದುರ್ಗದ ಹೊಸ ಕೂಸು, ಎಲ್ಲರ ನಡುವೆ ಅತ್ತೆಯೂ. ಅತ್ತೆ ಯಾರನ್ನೂ ಬಯ್ಯುತ್ತಿಲ್ಲ. ಮುಂಜಾನೆ ಎದ್ದು ರೊಟ್ಟಿಯ ಹಿಟ್ಟು ನಾದುವಾಗಲೂ ಆ ರೆಕ್ಕೆಯ ನೆರಳು ಅವಳ ಮೇಲೆ ಇತ್ತು.

ದಿನ ತುಂಬುವ ಹೊತ್ತಿಗೆ ಅವಳು ಕೋಣೆಯ ಬಾಗಿಲಲ್ಲೇ ಕೂತುಬಿಟ್ಟಳು. ಮಧ್ಯಾಹ್ನದ ಬಿಸಿಲು ಬೆಳಕಿಂಡಿಯಿಂದ ಬಂದು ಬುಟ್ಟಿಯ ಅಂಚಿಗೆ ತಾಗಿದಾಗ, ಬಹಳ ದೂರದಿಂದ ಬಂದಂತೆ ಒಂದು ಸಣ್ಣ ‘ಚಿಂವ್’ ಕೇಳಿತು. ಹೇಂಟೆ ಗಂಟಲೊಳಗೇ ಅದಕ್ಕೆ ಉತ್ತರ ಕೊಟ್ಟಿತು. ಮತ್ತೊಂದು ‘ಚಿಂವ್’. ತತ್ತಿಯ ಒಡಲಲ್ಲಿ ಒಂದು ಬಿರುಕು, ಬಿರುಕಿನಲ್ಲಿ ಸೂಜಿ ಮೊನೆಯಷ್ಟು ಕೊಕ್ಕು. ಭಾಗೀರಥಿ ಎರಡೂ ಕೈಗಳನ್ನು ಬಾಯಿಗೆ ಒತ್ತಿ ಹಿಡಿದು ಅತ್ತಳು. ಆ ಕೈಗಳು ಆಗ ಅವಳವೇ ಅನ್ನಿಸಿದವು.

ಹನ್ನೊಂದರಲ್ಲಿ ಹತ್ತು ಮರಿಯಾದವು. ಸುದ್ದಿಯನ್ನು ಓಣಿಗೆ ಹಬ್ಬಿಸಲು ರಾಯಪ್ಪನಿಗೆ ಒಂದು ಚಹ ಕುಡಿಯುವಷ್ಟೂ ಹೊತ್ತು ಬೇಕಾಗಲಿಲ್ಲ. ಅವನ ಬೆರಗಿಗೆ ಕಾರಣ ಬೇರೆ. ತನ್ನ ಲೆಕ್ಕದಲ್ಲಿ ಮೂರು ತತ್ತಿ ಅಂಗಡಿಯವು; ಹತ್ತು ಮರಿಯೆಂದರೆ ಅವುಗಳಲ್ಲೂ ಎರಡಾದರೂ ಮರಿಯಾಗಿರಬೇಕು! ಹೆಂಡತಿಗೆ ಹೇಳಬಾರದೆಂದು ಸೊಸೆಯ ಕಾಲು ಹಿಡಿಯಲು ಹೊರಟವನು ಕಟ್ಟೆಯ ಮೇಲೆ ಗೆಳೆಯ ಭೀಮಶಿಗೆ ತಾನೇ ಹೇಳಿಬಿಟ್ಟ.

“ಫಾರಂ ತತ್ತಿ ಮರಿ ಆಗತೈತೇನಪಾ?” ಎಂದು ಅದು ಕಿವಿಗೆ ಬಿದ್ದ ಮಗ ನಕ್ಕ. “ಅಲ್ಲಿ ಹುಂಜನ ಇರಂಗಿಲ್ಲ.”

“ನಿಮ್ಮವ್ವನ ಕೈ ಅಂದ್ರ ಏನ ತಿಳದಿ?” ಎಂದು ರಾಯಪ್ಪ ಮೀಸೆ ತಿರುವಿದ.

ಪಕ್ಕದ ಮನೆಯ ಕೃಷ್ಣವ್ವ ಅಂಗಳಕ್ಕೆ ಬಂದು ಮರಿಗಳಿಗೆ ದೃಷ್ಟಿ ತೆಗೆದು, “ರಾಮದುರ್ಗದಾಗ ಕುಂತು ದೊಡವಾಡದಾಗ ಮರಿ ಮಾಡ್ಯಾಳಲ್ಲ ಶಟ್ಟೆವ್ವ!” ಎಂದಳು. ಭಾಗೀರಥಿ ‘ಹೂನ್ರಿ’ ಎಂದಳು. ಹೊಗಳಿಕೆ ಅತ್ತೆಗೆ ಹೋದದ್ದಕ್ಕೆ ಅವಳಿಗೆ ಮೊದಮೊದಲು ನೋವಾಗಲಿಲ್ಲ. ತನಗೆ ಬೇಕಾದದ್ದು ತನಗೆ ಸಿಕ್ಕಿತ್ತು.

ಮರಿಗಳನ್ನು ಬೆಳೆಸಿದವಳು ಅವಳೇ. ಮೊದಲ ದಿನ ಏನೂ ಹಾಕಲಿಲ್ಲ. ಆಮೇಲೆ ಸಜ್ಜೆಯ ಸಣ್ಣ ನುಚ್ಚು. ಸಂಜೆ ಹಳೆಯ ಗಡಿಗೆಗೆ ಸಗಣಿ, ಜೋಳದ ಕಣಿಕಿಯ ಚೂರು ತುಂಬಿ ಹುತ್ತದ ಹತ್ತಿರ ಬೋರಲು ಹಾಕಿ ಬರುವಳು. ಬೆಳಗಾದರೆ ಅದರ ತುಂಬ ಗೆದ್ದಲು ಹುಳ. ಗಡಿಗೆ ಕೊಡವಿದೊಡನೆ ಹತ್ತು ಮರಿಗಳು ಹತ್ತು ಕಡೆಯಿಂದ ಉರುಳಿ ಬರುವವು. ಪಶು ಆಸ್ಪತ್ರೆಯಿಂದ ಕೋಳಿಬೇನೆಗೆ ಹಾಕುವ ಔಷಧದ ಹನಿ ತಂದು ಒಂದೊಂದರ ಕಣ್ಣಿಗೂ ಬಿಟ್ಟಳು. ಹದ್ದಿನ ನೆರಳು ಬಿದ್ದರೆ ಹೇಂಟೆ ಕೂಗುವ ಮೊದಲೇ ಇವಳು ಕೂಗುತ್ತಿದ್ದಳು. “ಹ್ಯಾಟಿಗೆ ಕೆಲಸ ಇಲ್ಲದಂಗ ಮಾಡಿದಿ” ಎಂದು ಸಿದ್ದರಾಮ ಕಾಡಿಸುವನು. ಆದರೂ ಟೆಂಪೋದಲ್ಲಿ ಬಿದ್ದ ಗೋವಿನಜೋಳದ ಕಾಳನ್ನು ಅಂಗಿಯ ಕಿಸೆಯಲ್ಲಿ ತುಂಬಿಕೊಂಡು ಬರುವವನು ಅವನೇ. ಮರಿಗಳ ಹಳದಿ ತುಪ್ಪಳ ಉದುರಿ ಎಳ್ಳಿನ ಚುಕ್ಕೆ ಮೂಡಿತು, ಕಾಲು ಕಪ್ಪಾಯಿತು. ಒಂದನ್ನು ಬೆಕ್ಕು ಒಯ್ದಿತು, ಒಂಬತ್ತು ಉಳಿದವು.

ಹೋಳಿ ಹುಣ್ಣಿಮೆಯ ಹೊತ್ತಿಗೆ ಶಟ್ಟೆವ್ವ ಊರಿಗೆ ಬಂದಳು. ಓಣಿಯ ಹೆಂಗಸರು ಬಸ್ಸಿನ ತನಕ ಹೋಗಿ ಕರೆತಂದರು. ಅವಳು ಗಂಟನ್ನು ಇಳಿಸಿ, ಅಂಗಳದಲ್ಲಿ ನಿಂತು, ಪಾರಿವಾಳದಷ್ಟಾಗಿದ್ದ ಮರಿಗಳನ್ನು ಬಹಳ ಹೊತ್ತು ನೋಡಿದಳು. ನಗಲಿಲ್ಲ. ಯಾರೂ ಇಲ್ಲದಾಗ ಸೊಸೆಯನ್ನು ಕೇಳಿದಳು:

“ಇವು ಅವ ತತ್ತೀವೇನ? ರಾಮದುರ್ಗಕ್ಕ ಬಂದಿದ್ವಲ್ಲ, ಅವು?”

“ಹೂನ್ರಿ ಅತ್ತಿ.”

ಶಟ್ಟೆವ್ವ ಗಂಟು ಎತ್ತಿಕೊಂಡು ಒಳಗೆ ಹೋದಳು.

ಅಲ್ಲಿಂದ ಅವಳು ಬೇರೆಯೇ ಹೆಂಗಸಾದಳು. ಕೃಷ್ಣವ್ವ ಸೆರಗಿನಲ್ಲಿ ತತ್ತಿ ತಂದರೆ “ಇವತ್ತ ಅಮಾಸಿ” ಎಂದಳು. ಮರುವಾರ ಬಂದರೆ “ಮೊಣಕಾಲ ಹಿಡದೇತಿ, ನೀನ ಇಡು.” ಇನ್ನೊಬ್ಬಳಿಗೆ “ಕೈ ಉರಿ.” ಬಂದವರು ಮುಖ ಸಣ್ಣದು ಮಾಡಿಕೊಂಡು ಹೋದರು. ಹೆಸರು ರಾಮದುರ್ಗದ ತನಕ ಹಬ್ಬಿದ ಮೇಲೆ ಮುದುಕಿಗೆ ಸೊಕ್ಕು ಬಂದಿದೆ ಎಂದು ಓಣಿ ಆಡಿಕೊಂಡಿತು. ಭಾಗೀರಥಿಗೂ ಹಾಗೇ ಅನ್ನಿಸಿತು. ನನ್ನ ಕೈಯ ಹೆಸರನ್ನು ಹೊದ್ದುಕೊಂಡು ಕೂತಿದ್ದಾಳೆ, ಮೇಲೆ ಗತ್ತು ಬೇರೆ ಎಂದು ಒಳಗೆ ಕುದಿಯತೊಡಗಿದಳು. ಆಗ ಶುರುವಾಯಿತು ನೋವು.

ಹೇಂಟೆ ಒಂದು ದಿನ ತನ್ನ ಮಕ್ಕಳನ್ನು ಕುಕ್ಕಿ ಓಡಿಸಿತು. ನಿನ್ನೆಯ ತನಕ ರೆಕ್ಕೆಯಡಿ ಮಲಗಿದವಕ್ಕೆ ಕಾರಣವೇ ತಿಳಿಯಲಿಲ್ಲ. ಎಳೆಯ ಹುಂಜಗಳು ಒಡೆದ ಗಂಟಲಲ್ಲಿ ಕೂಗು ಕಲಿತವು. ಮುದಿ ಹುಂಜ ಒಂದು ಮುಂಜಾನೆ ಬೇವಿನ ಬುಡದಲ್ಲಿ ಮಲಗಿದ್ದು ಏಳಲೇ ಇಲ್ಲ. ಒಡಹುಟ್ಟಿದವು ಕೂಡಿದರೆ ತಳಿ ಸೊರಗುತ್ತದೆಂದು ಭಾಗೀರಥಿ ಹಟ ಹಿಡಿದಳು. ಸಿದ್ದರಾಮ ಎರಡು ಹುಂಜಗಳನ್ನು ಟೆಂಪೋದಲ್ಲಿ ಹಾಕಿಕೊಂಡು ದೇಗಾಂವಕ್ಕೆ ಹೋಗಿ, ಅವಳ ತವರಿನ ಕೆಂಪು ಜವಾರಿ ಹುಂಜವನ್ನು ಬದಲಿಗೆ ತಂದ. ಅದು ಟೆಂಪೋದಿಂದ ಇಳಿದು ಅಂಗಳವನ್ನು ಒಮ್ಮೆ ಸುತ್ತಿ, ಬೀಗರ ಮನೆಗೆ ಬಂದವನ ಗತ್ತಿನಲ್ಲಿ ಕೂಗಿತು. ಶಟ್ಟೆವ್ವನೂ ಆ ದಿನ ನಕ್ಕಳು.

ಪಂಚಮಿ ಹತ್ತಿರ ಬರುವಾಗ ಹೊಸ ಹೇಂಟೆಗಳಲ್ಲಿ ಒಂದು ಕಾವಿಗೆ ಬಿತ್ತು. ರಾಮದುರ್ಗದ ತತ್ತಿಗಳೆಂದು ಊರು ತಿಳಿದವುಗಳಿಂದ ಹುಟ್ಟಿದ್ದು ಈಗ ತಾನೇ ತಾಯಾಗಲು ಕೂತಿತ್ತು. ಶಟ್ಟೆವ್ವ ನಾಳೆ ಇಟ್ಟರಾಯಿತೆಂದು ಒಂದು ದಿನ ತಳ್ಳಿದಳು, ಎರಡು ದಿನ ತಳ್ಳಿದಳು. ಮೂರನೆಯ ದಿನ ಎಲ್ಲರೂ ಉಣ್ಣಲು ಕೂತಾಗ ಭಾಗೀರಥಿ ಬಾಯಿಬಿಟ್ಟಳು.

“ಅತ್ತಿ, ಹಿಂಗ ಬಿಟ್ರ ಅದರ ಕಾವು ಇಳದು ಹೋಗತೈತಿ. ಇವತ್ತರೆ ಇಡ್ರಿ.”

“ನೋಡೂಣು.”

“ಏನ ನೋಡೂದು? ನಿಮಗ ಆಗದಿದ್ರ ನಾ ಇಡ್ಲಿ?”

“ನೀ ಮುಟ್ಟಬ್ಯಾಡ!” ಶಟ್ಟೆವ್ವನ ದನಿ ಒಮ್ಮೆಲೇ ಏರಿತು. “ನಿನ್ನ ಕೈಯಾಗ...”

ಅವಳು ಅಲ್ಲೇ ನಿಲ್ಲಿಸಿದಳು. ಆದರೆ ಉಳಿದದ್ದನ್ನು ಭಾಗೀರಥಿ ಒಂದು ವರ್ಷದಿಂದ ದಿನಾಲೂ ಕೇಳುತ್ತಿದ್ದಳು. ಅವಳ ಕೈಯಲ್ಲಿದ್ದ ರೊಟ್ಟಿಯ ಬುಟ್ಟಿ ನೆಲಕ್ಕೆ ಬಿತ್ತು.

“ನನ್ನ ಕೈಯಾಗ ನಿಲ್ಲಂಗಿಲ್ಲ, ಹೌದಲ್ರಿ? ಅಂಗಳದಾಗ ತಿರಗಾಡತಾವಲ್ಲ, ಅವನ್ನ ಇಟ್ಟಾಕಿ ನಾನು! ಈ ಕೈಲೆ ಇಟ್ಟೀನಿ! ರಾಮದುರ್ಗಕ್ಕ ಬಂದಿದ್ದು ಅಂಗಡಿ ತತ್ತಿ. ನೀವು ಮುಟ್ಟಿದ ತತ್ತಿ ನಾವು ಪಲ್ಯಾ ಮಾಡ್ಕೊಂಡು ಉಂಡೀವಿ!”

ರಾಯಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು.

“ನಾನೂ ಉಂಡೆನ?” ಎಂದ ಅವನು.

“ಮೂರ ರೊಟ್ಟಿ ಹಚ್ಚಿ ಉಂಡೀರಿ, ಮಾವಾರ.”

ಸಿದ್ದರಾಮನಿಗೆ ನಗೆ ತಡೆಯಲಾಗಲಿಲ್ಲ. ಅವ್ವನ ಮುಖ ನೋಡಿದವನೇ ಬಾಯಿ ಮುಚ್ಚಿಕೊಂಡ. ಶಟ್ಟೆವ್ವ ಎದ್ದು ಕೈ ತೊಳೆದು ಅಂಗಳಕ್ಕೆ ಹೋಗಿ ಕೂತಳು. ಆ ದಿನ ಮತ್ತೆ ಉಣ್ಣಲಿಲ್ಲ. ರಾಯಪ್ಪ ಚಹ ಒಯ್ದರೆ ಅದು ಅಲ್ಲೇ ಆರಿತು. ಭಾಗೀರಥಿಗೆ ಗೆದ್ದ ಸಂತೋಷವೇನೂ ಆಗಲಿಲ್ಲ. ಒಬ್ಬ ಹಿರಿಯ ಹೆಂಗಸಿನ ಮೈಮೇಲಿನ ಸೆರಗನ್ನು ಎಳೆದಂಥ ನಾಚಿಕೆಯಾಯಿತು.

ಬೆಳಗಾಗುತ್ತಲೇ ಅತ್ತೆಯ ದನಿ ಬಂತು. ಹಿತ್ತಲ ಬಾಗಿಲಲ್ಲಿ ಕೂತಿದ್ದಳು. ಜಿಟಿಜಿಟಿ ಮಳೆ ನಿಂತು ಬಿಳಿಯ ಬೆಳಕು ಹರಿಯುತ್ತಿತ್ತು.

“ಭಾಗೀ, ಬಾ ಇಲ್ಲೆ. ಖರೇ ಹೇಳು. ಅಷ್ಟೂ ನೀನ ಇಟ್ಟಿ?”

“ಹೂನ್ರಿ. ತಪ್ಪಾತು ಅತ್ತಿ. ನಿನ್ನೆ ಹಂಗ ಒದರಬಾರದಿತ್ತು.”

“ಅದನ್ನ ಬಿಡು. ನನ್ನ ಮಾತ ಕೇಳು.” ಶಟ್ಟೆವ್ವ ನೆಲ ನೋಡುತ್ತ ಹೇಳಿದಳು. “ನಿಮ್ಮ ಮಾವ ಬುಟ್ಟಿ ತಗೊಂಡು ಬಂದಾಗ ಕೂಸು ಹುಟ್ಟಿ ಎರಡ ಮೂರ ತಾಸ ಆಗಿತ್ತು. ದವಾಖಾನ್ಯಾಗ ಅದನ್ನ ಮೊದಲ ಹಿಡದಾಕಿ ನಾನ. ಗಂಜಿ ಕಾಸಾಕ ಮನಿಗೆ ಬಂದಿದ್ದೆ. ಹಡದ ಮನಿ ಮೈಲಿಗಿ ಕೈಲೆ ಕಾವಿನ ತತ್ತಿ ಹೆಂಗ ಮುಟ್ಟಲಿ? ಅಷ್ಟ ದೂರಿಂದ ಬಂದಾರ, ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ. ಬುಟ್ಟಿ ಒಳಗ ಒಯ್ದೆ, ಹಂಗ ಹೊರಗ ತಂದೆ. ಒಂದೂ ಮುಟ್ಟಲಿಲ್ಲ.”

ಭಾಗೀರಥಿ ಕಣ್ಣರಳಿಸಿ ನಿಂತಳು.

“ಕೆಡತಾವು ಅಂತ ತಿಳದಿದ್ದೆ. ಹತ್ತ ಮರಿ ಆದ್ವು ಅಂತ ಫೋನ್ ಬಂತು. ಎಲ್ಲಾರೂ ನನ್ನ ಕೈ ಹೊಗಳಿದ್ರು. ನನಗ ಗೊತ್ತಿತ್ತಲ್ಲ, ನನ್ನ ಕೈ ಅದರಾಗ ಇಲ್ಲ. ನಾ ಮುಟ್ಟದ ತತ್ತಿ, ಬಸ್ಸಿನ್ಯಾಗ ಕುಲುಕಿದ ತತ್ತಿ ಮರಿ ಆದ್ರ, ಇಷ್ಟ ವರ್ಷ ನಾ ಮಾಡಿದ್ದಾದ್ರೂ ಏನು? ಕೈಗುಣ ಅನ್ನೂದ ಸುಳ್ಳ, ನಾ ಸುಳ್ಳ ಅನ್ನಿಸ್ತು. ಅವತ್ತಿಂದ ಯಾರ ತತ್ತಿ ಮುಟ್ಟಾಕೂ ಅಂಜಿಕಿ. ಸೊಕ್ಕ ಅಂದ್ರು. ಸೊಕ್ಕ ಅಲ್ಲವ್ವಾ, ಅಂಜಿಕಿ.”

ಅವಳು ಕೈ ಚಾಚಿ ಸೊಸೆಯ ಬಲಗೈಯನ್ನು ಹಿಡಿದುಕೊಂಡಳು. ಅಂಗೈಯನ್ನು ಮೇಲೆ ಮಾಡಿ, ರೊಟ್ಟಿ ಬಡಿದು ದಡ್ಡುಗಟ್ಟಿದ್ದ ಜಾಗದ ಮೇಲೆ ಹೆಬ್ಬೆರಳನ್ನು ಆಡಿಸಿದಳು.

“ನಿನ್ನೆ ಸಿಟ್ಟ ಬಂತು. ರಾತ್ರಿ ವಿಚಾರ ಮಾಡಿದೆ. ಅವು ತಾವ ಆಗಿಲ್ಲ. ಒಂದ ಕೈ ಇಟ್ಟೈತಿ. ಅಂದ್ರ ಕೈ ಅನ್ನೂದು ಖರೇನ ಐತಿ. ನನ್ನ ಆಯುಷ್ಯ ಸುಳ್ಳ ಆಗಲಿಲ್ಲ.” ಅವಳ ಕಣ್ಣು ತುಂಬಿತ್ತು. “ಆ ಮಾತ ನಾ ಆಡಬಾರದಿತ್ತು. ಕೋಳಿ ಸತ್ತ ಸಂಕಟಕ್ಕ ನಿನ್ನ ಕೂಸಿನ ಮ್ಯಾಲೆ ಮಾತ ಹೋತು. ಅಂದಿದ್ದು ಓಣಿ ಎದರಿಗೆ. ತಿರಗಿ ತಗೊಳ್ಳೂದೂ ಓಣಿ ಎದರಿಗೇ. ಕೃಷ್ಣವ್ವನ್ನ ಕರಿ. ಎಲ್ಲಾರನ್ನೂ ಕರಿ.”

ಬಿಸಿಲೇರುವ ಮೊದಲೇ ಅಂಗಳದಲ್ಲಿ ಹೆಂಗಸರು ನೆರೆದರು. ಕೋಣೆಯೊಳಗಿದ್ದ ಬುಟ್ಟಿಯನ್ನು ಶಟ್ಟೆವ್ವ ಎಲ್ಲರಿಗೂ ಕಾಣುವಂತೆ ಪಡಸಾಲೆಗೆ ತರಿಸಿದಳು. ಬೂದಿ ಹರವಿದ್ದಳು, ಹುಲ್ಲು ಹಾಸಿದ್ದಳು. ಅವಳೇ ಕೂರುತ್ತಾಳೆಂದು ಕಾದವರು ನೋಡನೋಡುತ್ತಿದ್ದಂತೆ, ಶಟ್ಟೆವ್ವ ತಂಬಿಗೆ ಎತ್ತಿ ಸೊಸೆಯ ಕೈಗೆ ನೀರು ಹಾಕಿದಳು.

“ಇದೇನ ಶಟ್ಟೆವ್ವಾ? ನೀ ಇಡಂಗಿಲ್ಲೇನ?” ಎಂದಳು ಕೃಷ್ಣವ್ವ.

“ಹೋದ ಸಲ ಇಟ್ಟಾಕಿನೂ ಇಕಿನ. ನಾ ಮುಟ್ಟಿದ್ದಿಲ್ಲ.” ಶಟ್ಟೆವ್ವನ ದನಿ ಓಣಿಯ ಕೊನೆಯ ತನಕ ಕೇಳುವಷ್ಟಿತ್ತು. “ನನ್ನ ಸೊಸಿ ಕೈಯಾಗ ಯಾವುದೂ ನಿಲ್ಲಂಗಿಲ್ಲ ಅಂದಿದ್ನಲ್ಲ, ಅದು ಸುಳ್ಳ ಮಾತು. ನಿಲ್ಲತೈತಿ. ಎಲ್ಲಾ ನಿಲ್ಲತೈತಿ.”

ಭಾಗೀರಥಿ ಮೂಡಣಕ್ಕೆ ಮುಖ ಮಾಡಿ ಕೂತಳು. ತತ್ತಿಗಳು ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ, ಕಣ್ಣೀರು ಅಡ್ಡ ಬಂದಿತ್ತು. ಕೈಗೆ ಮಾತ್ರ ಪ್ರತಿಯೊಂದರ ಜಾಗ ಗೊತ್ತಿತ್ತು. ಕೊನೆಯ ತತ್ತಿಯನ್ನು ಇಟ್ಟು ಹೇಂಟೆಯನ್ನು ಮೇಲೆ ಕೂರಿಸಿದಾಗ, ಹೆಂಗಸರ ನಡುವಿನಿಂದ ಕೃಷ್ಣವ್ವ ಮುಂದೆ ಬಂದು, ಶಟ್ಟೆವ್ವನನ್ನು ದಾಟಿ, ಅವಳ ಹತ್ತಿರ ಕುಕ್ಕರಗಾಲಲ್ಲಿ ಕೂತಳು.

“ನಮ್ಮದೂ ಒಂದ ಹ್ಯಾಟಿ ಕಾವಿಗೆ ಬಿದ್ದೇತಿ, ಯವ್ವಾ ಭಾಗೀರಥಿ. ಯಾವಾಗ ಬರಲಿ?”